ನಿಂತ ಸೈಕಲ್ಲಿನಲ್ಲಿ ಕಳಸದ ದಾರಿ

ಚಿಕ್ಕಮಗಳೂರಿನ ಡಾಕ್ಟರು ಅಕ್ಕನಿಗೆ ಬರೆದುಕೊಟ್ಟ ಚೀಟಿಯಲ್ಲಿ ಮಾತ್ರೆಗಳಿಗಿಂತ ಮೇಲೆ ಸೈಕಲ್ ಎಂದು ಬರೆದಿತ್ತು. ಮೆಡಿಕಲ್ ಸ್ಟೋರಿನವನು ಚೀಟಿಯನ್ನು ಎರಡು ಸಲ ಓದಿ, ನನ್ನ ಕೈಗೆ ಮೆತ್ತಿದ್ದ ಗ್ರೀಸು ನೋಡಿ, "ಉಳಿದದ್ದೆಲ್ಲ ನಮ್ಮಲ್ಲಿದೆ. ಮೊದಲನೇದು ನಿಮ್ಮಲ್ಲೇ ಇರಬೇಕಲ್ಲ" ಅಂದ.

ಇರಬೇಕಾದ್ದೇ. ಮೂಡಿಗೆರೆಯ ಅಂಚಿನಲ್ಲಿ ನನ್ನದು ಸೈಕಲ್ ರಿಪೇರಿ ಅಂಗಡಿ. ಅಂಗಡಿಯ ಹಿಂದೆ ಮನೆ, ಮನೆಯಲ್ಲಿ ಅಕ್ಕ. ಭಾವ ಕುದುರೆಮುಖದ ಗಣಿಯಲ್ಲಿ ಲಾರಿ ಓಡಿಸುತ್ತಿದ್ದರು, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ನಾಲ್ಕನೇ ಕ್ಲಾಸಿಗೆ ನಾನು ಶಾಲೆ ಬಿಟ್ಟಾಗ ಬೈದವಳು ಅಕ್ಕ. ಮಾರನೇ ದಿನ ನನ್ನ ಕೈ ಹಿಡಿದು ಸೈಕಲ್ ಅಂಗಡಿಗೆ ಕೆಲಸಕ್ಕೆ ಸೇರಿಸಿದವಳೂ ಅವಳೇ. ಅಂಥವಳಿಗೆ ನಾನು ಮಾಡಿದ್ದನ್ನು ಬರೆಯಲು ಈಗಲೂ ಕೈ ತಡೆಯುತ್ತದೆ.

ಅಕ್ಕನ ಪಿತ್ತಕೋಶದಲ್ಲಿ ಕಲ್ಲುಗಳಿದ್ದವು. ಬಲಗಡೆ ಪಕ್ಕೆಲುಬಿನ ಕೆಳಗೆ ಬರುವ ನೋವು ಅವಳಂಥ ಗಟ್ಟಿಗಿತ್ತಿಯನ್ನೂ ಚಾಪೆಯ ಮೇಲೆ ಹೊರಳಾಡಿಸುತ್ತಿತ್ತು. ಕೊಯ್ದು ತೆಗೆಯಬೇಕು, ಆದರೆ ಈ ತೂಕದಲ್ಲಿ ಕೊಯ್ಯುವುದಿಲ್ಲ ಎಂದರು ಡಾಕ್ಟರು. ಮತ್ತಿನ ಮದ್ದು ಕೊಟ್ಟರೆ ಏಳುವ ನಂಬಿಕೆಯಿಲ್ಲ, ಹೊಲಿದರೆ ಹೊಲಿಗೆ ನಿಲ್ಲುವ ನಂಬಿಕೆಯಿಲ್ಲ. ಎಣ್ಣೆ ತುಪ್ಪ ಬಿಟ್ಟು, ದಿನಾ ಬೆವರು ಬರುವಷ್ಟು ಮೈ ದಂಡಿಸಿ ತೂಕ ಇಳಿಸಬೇಕು. ಮಂಡಿ ನೋವಿರುವುದರಿಂದ ನಡೆಯುವುದು ಬೇಡ, ಕೂತಲ್ಲೇ ಪೆಡಲ್ ತುಳಿಯುವುದು ಒಳ್ಳೆಯದು. ಮೊದಲು ಹಗುರವಾಗಿ, ಆಮೇಲೆ ವಾರ ವಾರ ಸ್ವಲ್ಪ ಬಿಗಿ ಮಾಡುತ್ತಾ. ಅಂಥ ಸೈಕಲ್ ಬೆಂಗಳೂರಿನಲ್ಲಿ ಸಿಗುತ್ತದಂತೆ.

"ಬೆಂಗಳೂರು ಎಂತಕ್ಕೆ ಡಾಕ್ಟ್ರೇ, ನನ್ನ ತಮ್ಮ ಇದಾನಲ್ಲ" ಅಂದಳು ಅಕ್ಕ. ಡಾಕ್ಟರು ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ. ತಪ್ಪು ಶುರುವಾದದ್ದು ಅಲ್ಲಿಂದಲೇ ಇರಬೇಕು.

ತೂಕ ಎಷ್ಟೆಂದು ಮೊದಲು ನಾವೇ ತೂಗಿ ತಿಳಿಯಬೇಕಿತ್ತು. ಊರಲ್ಲಿ ಅಕ್ಕನನ್ನು ತಡೆಯುವ ತಕ್ಕಡಿ ಎಂದರೆ ಕಾಫಿ ವ್ಯಾಪಾರಿಯ ಡಿಪೋದಲ್ಲಿ ಮೂಟೆ ತೂಗುವ ಹಲಗೆ ತಕ್ಕಡಿ ಒಂದೇ. ಜನ ಬರುವ ಮೊದಲೇ ಹೋದೆವು. ಅಲ್ಲಿನ ಹಮಾಲಿ ಆಗಲೇ ಬಂದು ಬೀಡಿ ಹಚ್ಚಿದ್ದ. ಅವನು ಅಕ್ಕನನ್ನು ಹಲಗೆಯ ಮೇಲೆ ಹತ್ತಿಸಿ ಬಹಳ ಗಂಭೀರವಾಗಿ ಕೇಳಿದ:

"ಅಕ್ಕಾ, ಪಾರ್ಚ್‌ಮೆಂಟ್ ಅಂತ ಬರ್ಕೊಳ್ಳಾದಾ, ಚೆರ್ರಿ ಅಂತಲಾ?"

ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಬೀಜ ಪಾರ್ಚ್‌ಮೆಂಟ್. ಹಣ್ಣನ್ನು ಹಾಗೇ ಒಣಗಿಸಿದರೆ ಚೆರ್ರಿ.

"ಚೆರ್ರಿ ಕಣೋ. ಸಿಪ್ಪೆ ಸಮೇತ" ಅಂದಳು ಅಕ್ಕ. "ಮುಳ್ಳು ನೋಡಿ ಹೇಳು, ಮುಖ ನೋಡಬ್ಯಾಡ."

ಐವತ್ತು ಕಿಲೋದ ಎರಡು ಮೂಟೆಯ ಮೇಲೆ ಇನ್ನೊಂದಿಷ್ಟು ಬಂತು. ಡಾಕ್ಟರು ಕೇಳಿದ್ದು ಎರಡು ಮೂಟೆಯ ಒಳಗೆ. ಆ ಇನ್ನೊಂದಿಷ್ಟು ಇಳಿದರೆ ಅಕ್ಕ ಉಳಿಯುತ್ತಾಳೆ, ಇಷ್ಟೇ ಲೆಕ್ಕ.

ಮೊದಲ ದಿನ ನಾನು ಬುದ್ಧಿ ಓಡಿಸಲಿಲ್ಲ. ಅಂಗಡಿಯಲ್ಲಿದ್ದ ಲೇಡೀಸ್ ಸೈಕಲ್ಲನ್ನು ಒಳಗೆ ತಂದು, ಹಿಂದಿನ ಚಕ್ರ ನೆಲದಿಂದ ಮೇಲೆದ್ದು ನಿಲ್ಲುವಂತೆ ಅದರ ಸ್ಟ್ಯಾಂಡ್ ಹಾಕಿದೆ. ಸೀರೆಗೆ ನಡುವಿನ ಬಾರ್ ಅಡ್ಡ ಬರಬಾರದು ಎಂದು ಲೇಡೀಸ್. ಅಕ್ಕ ಒನಕೆ ಕೋಣೆಯ ಮಣೆ ಮೆಟ್ಟಿ ಹತ್ತಿ ಕೂತಳು. ಸೈಕಲ್ ಸ್ಟ್ಯಾಂಡ್ ಇರುವುದು ಖಾಲಿ ಸೈಕಲ್ ನಿಲ್ಲಿಸುವುದಕ್ಕೆ, ಆಳು ಕೂತ ಸೈಕಲ್ ನಿಲ್ಲಿಸುವುದಕ್ಕಲ್ಲ. ಅದರ ಎರಡು ಕಾಲುಗಳು ಹಿಟ್ಟಿನ ಉಂಡೆ ಒತ್ತಿದಂತೆ ಆಚೆ ಈಚೆ ಜಾರಿದವು. ಸೈಕಲ್ ಬೀಳಲಿಲ್ಲ. ಕೆರೆಯಲ್ಲಿ ಎಮ್ಮೆ ಮಲಗುವ ಹಾಗೆ ನಿಧಾನವಾಗಿ, ಮರ್ಯಾದೆಯಿಂದ ಕೆಳಗೆ ಕೂತಿತು. ಅಕ್ಕನೂ ಅದರ ಜೊತೆ ಕೂತಳು. ಹ್ಯಾಂಡಲ್ ಬಿಟ್ಟಿರಲಿಲ್ಲ.

"ಬಂತಾ ಊರು?" ಅಂದಳು ನೆಲದ ಮೇಲಿಂದ.

ಅಲ್ಲಿಗೆ ಅರ್ಥವಾಯಿತು, ಇದು ಪಂಕ್ಚರ್ ಹಾಕುವ ಕೆಲಸವಲ್ಲ. ಒಂದು ಎಸ್ಟೇಟ್ ಬಂಗಲೆಯಲ್ಲಿ ವಿದೇಶದಿಂದ ತರಿಸಿದ ಅಂಥದೇ ಸೈಕಲ್ ಇದೆ ಎಂದು ಕೇಳಿದ್ದೆ. ಸಾಹುಕಾರರು ಇಲ್ಲದ ಹೊತ್ತಿನಲ್ಲಿ ಅಲ್ಲಿನ ಬಟ್ಲರನ್ನು ಹಿಡಿದೆ. ಅವನು ಹಿಂದಿನ ವರಾಂಡಕ್ಕೆ ಕರೆದುಕೊಂಡು ಹೋಗಿ ಒಂದು ರೇನ್‌ಕೋಟು, ಎರಡು ಜೊತೆ ಕಾಲುಚೀಲ, ಒಂದು ಕಂಬಳಿ ತೆಗೆದಿಟ್ಟ. ಕೆಳಗಿನಿಂದ ಸೈಕಲ್ ಹೊರಬಂತು.

"ದೊರೆಗಳು ತುಳಿತಾರಾ?"

"ತಂದ ವರ್ಷ ಹತ್ತಿದ್ರು. ಮಳೆಗಾಲದಲ್ಲಿ ಬಟ್ಟೆ ಒಣಗ್ಸಕ್ಕೆ ಇಂಥದ್ದು ಇನ್ನೊಂದಿಲ್ಲ ಮಾರಾಯ."

ನಾನು ಮಂಡಿಯೂರಿ ಕೂತು ನೋಡಿದೆ. ಮುಂದಿನ ಚಕ್ರ ಬೀಸುಕಲ್ಲಿನಷ್ಟು ಭಾರ, ಒಮ್ಮೆ ತಿರುಗಿಸಿಬಿಟ್ಟರೆ ಬಹಳ ಹೊತ್ತು ನಿಲ್ಲುವುದಿಲ್ಲ. ಹಾಗಾಗಿ ತುಳಿಯುವಾಗ ಮಂಡಿಗೆ ಜಗ್ಗು ಬರುವುದಿಲ್ಲ. ಚಕ್ರದ ಸುತ್ತ ಒಂದು ಪಟ್ಟಿ, ಪಟ್ಟಿಗೆ ಒಂದು ತಿರುಪು. ತಿರುಪು ಬಿಗಿದರೆ ಪಟ್ಟಿ ಚಕ್ರವನ್ನು ಅಪ್ಪುತ್ತದೆ, ತುಳಿಯುವುದು ಕಷ್ಟವಾಗುತ್ತದೆ. ಪಾದ ಎರಡೂ ಕಡೆಗೆ ಅಗಲ. ಇಷ್ಟೂ ಸರಿ. ಆದರೆ ಸೀಟು ಗೋಡಂಬಿಯಷ್ಟು. ಸೀಟಿನ ಕೊಳವೆ ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. ಪಕ್ಕದಲ್ಲಿ ಒಂದು ತಗಡಿನ ಚೀಟಿ ಇತ್ತು. ಬಟ್ಲರ್ ಅದನ್ನು ಓದಿ, ಇಷ್ಟು ಪೌಂಡಿಗಿಂತ ಹೆಚ್ಚು ತೂಕದವರು ಹತ್ತಬಾರದಂತೆ ಎಂದ. ಮನಸ್ಸಿನಲ್ಲೇ ಗುಣಿಸಿ ಭಾಗಿಸಿ ನೋಡಿದೆ. ಅಕ್ಕನ ಮುಕ್ಕಾಲು ಭಾಗಕ್ಕೆ ಆಗುತ್ತಿತ್ತು.

ಹಾಗಾಗಿ ಕೊಂಡು ತರುವ ಯೋಚನೆ ಬಿಟ್ಟು ವೆಲ್ಡಿಂಗ್ ಕಾಕಾನ ಹತ್ತಿರ ಹೋದೆ. ಕಾಕಾ ನಮ್ಮ ಬೀದಿಯ ಕೊನೆಯಲ್ಲಿ ಜೀಪುಗಳ ಚಾಸಿ ಬೆಸೆಯುತ್ತಿದ್ದವರು.

"ಭಾರ ತಡೀಬೇಕು ಕಾಕಾ."

"ಎಷ್ಟು ಭಾರ?"

"ಹೇಳಕ್ಕಾಗಲ್ಲ. ಹೇಳಿದ್ರೆ ಅಕ್ಕ ಹೊಡಿತಾಳೆ."

ಕಾಕಾ ಕಪ್ಪು ಕನ್ನಡಕ ಹಣೆಗೇರಿಸಿ ಯೋಚಿಸಿದರು. "ಜೀಪಿನ ಇಂಜಿನ್ ಇಳಿಸಿ ಇಡೋ ಸ್ಟ್ಯಾಂಡ್ ಮಾಡ್ಲಾ?"

"ಅದಕ್ಕಿಂತ ಸ್ವಲ್ಪ ಗಟ್ಟಿ."

ಲೇಡೀಸ್ ಫ್ರೇಮಿಗೆ ನಡುವೆ ಬಾರ್ ಇಲ್ಲದಿರುವುದರಿಂದ ಬಲ ಕಡಿಮೆ. ಅದಕ್ಕೆ ಕೆಳಗಿನ ಕೊಳವೆಯ ಪಕ್ಕ ಇನ್ನೊಂದು ಕೊಳವೆ ಬೆಸೆದೆವು. ಮುಂದಿನ ಚಕ್ರ ತೆಗೆದು ಆ ಜಾಗವನ್ನು ಕಬ್ಬಿಣದ ಆಂಗಲ್‌ಗೆ ಕೂರಿಸಿದೆವು. ಹಿಂದಿನ ಅಚ್ಚನ್ನು ಎರಡೂ ತುದಿಯಲ್ಲಿ ನಟ್ಟು ಹಾಕಿ ಅಗಲ ಪಾದದ ಚೌಕಟ್ಟಿಗೆ ಬಿಗಿದೆವು. ಹಿಂದಿನ ರಿಮ್ಮಿನಿಂದ ಟೈರ್ ತೆಗೆದು, ಎರಡೂ ಬದಿಗೆ ಕಬ್ಬಿಣದ ಪಟ್ಟಿ ಬೆಸೆದು ಚಕ್ರವನ್ನು ಭಾರ ಮಾಡಿದೆವು. ಟೈರ್ ಕೂರುತ್ತಿದ್ದ ತಗ್ಗಿನಲ್ಲಿ ಅಕ್ಕಿ ಗಿರಣಿಯ ಹಳೇ ಬೆಲ್ಟಿನ ತುಂಡು ಸುತ್ತಿ, ಅದರ ಕೊನೆಗೆ ಎರಡು ಕಿವಿಯ ತಿರುಪು ಇಟ್ಟೆವು. ಸೀಟಿಗೆ ಕಾಕಾ ಎಲ್ಲಿಂದಲೋ ಪವರ್ ಟಿಲ್ಲರಿನ ತಗಡಿನ ಸೀಟು ತಂದರು. ಅದರ ಮೇಲೆ ಹಳೇ ರಗ್ಗು ಮಡಿಸಿ ಕಟ್ಟಿದೆ. ಅಕ್ಕ ಕೂತಳು. ಏನೂ ಅಲುಗಲಿಲ್ಲ. ತುಳಿದಳು. ಎರಡನೇ ದಿನ ಪೆಡಲಿನ ತೋಳನ್ನು ಹಿಡಿಯುವ ಕಾಟರ್ ಪಿನ್ ಟಕ್ಕೆಂದು ಮುರಿಯಿತು. ಅಂಗಡಿಯ ಪಿನ್ನುಗಳನ್ನು ನಂಬದೆ ಜೀಪಿನ ಬೋಲ್ಟೊಂದನ್ನು ಅರ ಹಾಕಿ ಹೊಸ ಪಿನ್ ಮಾಡಿದೆ. ಅದು ಇವತ್ತಿಗೂ ಮುರಿದಿಲ್ಲ.

ಇಷ್ಟು ಗಟ್ಟಿಯಾಗಿ ಎಲ್ಲ ಮಾಡಿದ ಮೇಲೆ ಸಡಿಲವಾಗಿದ್ದದ್ದು ನಾನೊಬ್ಬನೇ.

ಮೂರನೇ ದಿನ ಡಾಕ್ಟರು ಹೇಳಿದಷ್ಟು ತಿರುಪು ಬಿಗಿದು ಅಕ್ಕನನ್ನು ಕೂರಿಸಿದೆ. ಕಾಲು ಗಂಟೆಯಾಗುವ ಮೊದಲೇ ಅವಳ ಮುಖ ಕೆಂಪಾಯಿತು. ಕುಂಕುಮ ಬೆವರಿನಲ್ಲಿ ಕರಗಿ ಮೂಗಿನ ತುದಿಗೆ ಬಂತು. ಏದುಸಿರಿನ ನಡುವೆ ದೇವರ ಹೆಸರುಗಳು ಒಂದೊಂದಾಗಿ ಬರತೊಡಗಿದವು. ನಿಲ್ಲಿಸು ಅಂತ ಅವಳು ಅನ್ನಲಿಲ್ಲ. ಅನ್ನುವ ಜಾತಿಯಲ್ಲ. ನಾನು ಎಣ್ಣೆ ಬಿಡುವವನಂತೆ ಬಗ್ಗಿ, ತಿರುಪಿನ ಕಿವಿ ಹಿಡಿದು, ಒಂದು ಸುತ್ತು ಬಿಟ್ಟೆ.

ಚಕ್ರ ಹಗುರವಾಯಿತು. ಅಕ್ಕನ ಮುಖ ಅರಳಿತು. "ನೋಡು, ಅಭ್ಯಾಸ ಆಗ್ತಾ ಬಂತು" ಅಂದಳು.

ಅವಳಿಗೆ ಆದ ಆ ಸಂತೋಷವನ್ನು ಕಿತ್ತುಕೊಳ್ಳಲು ನನ್ನಿಂದಾಗಲಿಲ್ಲ. ಮಾರನೇ ದಿನವೂ ಒಂದು ಸುತ್ತು ಬಿಟ್ಟೆ. ವಾರಕ್ಕೊಮ್ಮೆ ಅವಳೇ ನೆನಪಿಸುತ್ತಿದ್ದಳು: "ಬಿಗಿ ಮಾಡೋ, ಡಾಕ್ಟ್ರು ಹೇಳಿದ್ರಲ್ಲ." ನಾನು ಸ್ಪ್ಯಾನರ್ ತಂದು, ಯಾವುದೋ ಬೇರೆ ನಟ್ಟಿಗೆ ಹಾಕಿ, ಹಲ್ಲು ಕಚ್ಚಿ ತಿರುಗಿಸಿದಂತೆ ಮಾಡಿ ಏಳುತ್ತಿದ್ದೆ. ಕೊನೆಕೊನೆಗೆ ಬೆಲ್ಟು ಚಕ್ರಕ್ಕೆ ತಾಗುತ್ತಲೇ ಇರಲಿಲ್ಲ. ಅಕ್ಕ ಗಾಳಿಯಲ್ಲಿ ಕಾಲಾಡಿಸುತ್ತಿದ್ದಳು.

ಸುಮ್ಮನೆ ತುಳಿಯುವುದು ಬೇಸರವೆಂದು ಅವಳು ಒಂದು ದಾರಿ ಹಿಡಿದಿದ್ದಳು. ನಮ್ಮ ಅಮ್ಮನ ತವರು ಕಳಸದ ಹತ್ತಿರ. ಚಿಕ್ಕವರಿದ್ದಾಗ ಹೋಗಿ ಬಂದ ದಾರಿ ಅವಳಿಗೆ ಬಾಯಿಪಾಠ. "ನಾನು ಕಳಸಕ್ಕೆ ಹೋಗ್ತೀನಿ" ಎಂದು ಹೊರಟಳು. ಕಣ್ಣು ಮುಚ್ಚಿ ತುಳಿಯುತ್ತ, ಈಗ ಹ್ಯಾಂಡ್‌ಪೋಸ್ಟಿನ ಕೂಡುರಸ್ತೆ, ಈಗ ಆ ದೊಡ್ಡ ತಿರುವು, ಈಗ ಸೇತುವೆ ಎನ್ನುತ್ತಿದ್ದಳು. ಸಂಜೆ ಪಕ್ಕದ ಮನೆಯ ಚಿಕ್ಕಮ್ಮ ಬಂದು ಹೊಸಿಲ ಮೇಲೆ ಕೂರುತ್ತಿದ್ದರು. ಚಿಕ್ಕಮ್ಮ ಎಂದರೆ ಸಂಬಂಧವಲ್ಲ, ಹಾಗೆ ಕರೆಯುವುದು. ಮನೆಯ ಹಿಂದೆ ಸಣ್ಣ ಕಾಫಿ ತೋಟ ಇಟ್ಟುಕೊಂಡಿದ್ದವರು.

"ಎಲ್ಲಿಗೆ ಬಂದ್ಯೇ?"

"ಕೊಟ್ಟಿಗೆಹಾರ, ಚಿಕ್ಕಮ್ಮ."

"ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಯಾರಾದ್ರೂ ಮುಂದೆ ಹೋಗ್ತಾರಾ?"

ಇದು ತಮಾಷೆಗೆ ಅಂದ ಮಾತು. ಆದರೆ ಮಾರನೇ ದಿನ ಚಿಕ್ಕಮ್ಮ ನೀರುದೋಸೆ ತಂದೇ ಬಿಟ್ಟರು. ಮನೆಗೆ ತಂದದ್ದನ್ನು ಬೇಡ ಅನ್ನುವಂತಿಲ್ಲ. ಅಕ್ಕ ಸೈಕಲ್ಲಿನಿಂದ ಇಳಿದು ತಿಂದಳು. ಅಲ್ಲಿಂದ ಮುಂದೆ ಅದೇ ಕ್ರಮವಾಯಿತು. ನಮ್ಮ ಕಡೆ ನೆಂಟರ ಊರು ದಾಟಿ ಹೋಗುವಾಗ ಅವರ ಮನೆಗೆ ಹೋಗದಿದ್ದರೆ ಅದು ವರ್ಷಗಟ್ಟಲೆ ಉಳಿಯುವ ಮಾತು. ಕಳಸದ ದಾರಿಯಲ್ಲಿ ನಮಗೆ ನೆಂಟರಿಲ್ಲದ ಊರಿಲ್ಲ. ಒಂದು ಊರಿನ ಅತ್ತೆಯ ಮನೆಯಲ್ಲಿ ಅಕ್ಕಿರೊಟ್ಟಿ ಎಣ್ಣೆಗಾಯಿ, ಇನ್ನೊಂದು ಊರಿನ ಮಾವನ ಮನೆಯಲ್ಲಿ ಹಲಸಿನ ಹಪ್ಪಳ, ಎಲ್ಲ ಕಡೆಯೂ ಬೆಲ್ಲದ ಕಾಫಿ. ನೆಂಟರ ಪರವಾಗಿ ಚಿಕ್ಕಮ್ಮ ಮಾಡಿ ತರುತ್ತಿದ್ದರು. ಇಷ್ಟು ದೂರ ತುಳಿದು ಬಂದವಳಿಗೆ ತಿನ್ನಲು ಸಂಕೋಚವೇಕೆ? ಜೊತೆಗೆ ಹೋದ ತಮ್ಮನಿಗೂ ಎಲೆ ಹಾಕುವುದು ಪದ್ಧತಿ. ನಾನೂ ತಿಂದೆ. ಪ್ಯಾಂಟಿನ ಗುಂಡಿಯನ್ನು ಎರಡು ಸಲ ಜರುಗಿಸಿ ಹೊಲಿಸಿಕೊಂಡೆ.

ಬಾಳೂರಿನಲ್ಲಿ ನಮ್ಮ ದೊಡ್ಡಮ್ಮನ ಮನೆ. ಅಲ್ಲಿಗೆ ಬಂದ ದಿನ ಕಡುಬು, ಕೋಳಿಸಾರು. ಅಕ್ಕ, ಸಾಕು ದೊಡ್ಡಮ್ಮ, ಸಾಕು ದೊಡ್ಡಮ್ಮ ಎಂದು ಎದುರಿಗಿಲ್ಲದ ದೊಡ್ಡಮ್ಮನಿಗೆ ಹೇಳುತ್ತ ಬಡಿಸಿದ್ದಷ್ಟನ್ನೂ ತಿಂದಳು. ಕೈ ತೊಳೆದು ಬರುವಷ್ಟರಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಆಮೇಲೆ ನಿಲ್ಲಲೂ ಆಗಲಿಲ್ಲ. ಬಲಪಕ್ಕೆ ಒತ್ತಿಕೊಂಡು ಕುಸಿದಳು. ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಕಾಕಾ ರಿಪೇರಿಗೆ ಬಂದಿದ್ದ ಯಾರದೋ ಜೀಪು ತಂದರು. ವಸ್ತಾರೆ ದಾಟುವವರೆಗೆ ಅಕ್ಕ ನನ್ನ ಮುಂಗೈಯನ್ನು ಹಿಡಿದಿದ್ದಳು. ಬೆರಳಿನ ಗುರುತು ಬಹಳ ದಿನ ಇತ್ತು.

ನೋವು ಇಳಿದ ಮೇಲೆ ಡಾಕ್ಟರು ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಇಳಿಯುವುದಿರಲಿ, ಏರಿತ್ತು. ಅವರು ನನ್ನ ಕಡೆ ತಿರುಗಿದರು.

"ಸೈಕಲ್ ಯಾವ ಕಡೆಗೆ ತುಳಿಸ್ತಾ ಇದ್ದೀಯಪ್ಪಾ?"

"ಬಾಳೂರು ಕಡೆಗೆ ಡಾಕ್ಟ್ರೇ" ಅಂದಳು ಅಕ್ಕ ಮೆಲ್ಲಗೆ.

ಡಾಕ್ಟರು ನಗಲಿಲ್ಲ. ನನ್ನನ್ನು ಹೊರಗೆ ಕರೆದರು. ಇನ್ನೊಮ್ಮೆ ಹೀಗೆ ಬಂದು ಒಳಗೆ ಕೀವಾದರೆ ತಾನು ಕಾಯುವಂತಿಲ್ಲ, ಇದೇ ತೂಕದಲ್ಲಿ ಕೊಯ್ಯಬೇಕು, ಆಗ ಮೇಜಿನ ಮೇಲಿಂದ ಎದ್ದು ಬರುತ್ತಾಳೆ ಎಂದು ಹೇಳಲಾರೆ ಎಂದರು. ಸೈಕಲ್ಲಿನಲ್ಲಿ ಏನಾದರೂ ತೊಂದರೆಯಿದೆಯೇ ಎಂದೂ ಕೇಳಿದರು. "ಬೆಲ್ಟು ಸವೆದಿರಬೇಕು ಡಾಕ್ಟ್ರೇ" ಅಂದೆ. ಬೆಲ್ಟು ಸವೆಯಬೇಕಾದರೆ ಎಲ್ಲಾದರೂ ತಾಗಬೇಕು.

ಬಸ್ಸಿನಲ್ಲಿ ಬರುವಾಗ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಊರು ಹತ್ತಿರ ಬಂದಾಗ ಹೇಳಿದಳು: "ಬಿಡು ಇನ್ನು. ಎಲ್ಲಾರ ಮೈ ಕೆಲಸ ಮಾಡಿದ್ರೆ ಇಳಿಯುತ್ತೆ. ನನ್ನದು ಹಾಳು ಮೈ. ಎಷ್ಟು ತುಳಿದ್ರೂ ಅಷ್ಟೇಯ. ಆ ಸೈಕಲ್ಲು ತಗೊಂಡೋಗಿ ಅಂಗಡಿಲಿ ಇಟ್ಕೊ."

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. ಬಸ್ಸು ಹ್ಯಾಂಡ್‌ಪೋಸ್ಟಿನಲ್ಲಿ ನಿಂತಿತು, ಯಾರೋ ಹತ್ತಿದರು, ಯಾರೋ ಇಳಿದರು. ಬಾಯಿ ಮುಚ್ಚಿಕೊಂಡೆ.

ಎರಡು ದಿನ ಸೈಕಲ್ ಮೂಲೆಯಲ್ಲಿತ್ತು. ನಾನು ಅದರ ಮುಂದೆ ಕೂತು ಯೋಚಿಸಿದೆ. ತಿರುಪನ್ನು ಸರಿಯಾಗಿ ಬಿಗಿಯಬಹುದು, ಅದೇನು ದೊಡ್ಡ ಕೆಲಸವಲ್ಲ. ಆದರೆ ಅಕ್ಕ ಮತ್ತೆ ಏದುಸಿರು ಬಿಟ್ಟರೆ ಈ ಕೈ ಮತ್ತೆ ಕೆಳಗೆ ಹೋಗುತ್ತದೆ. ನನ್ನ ಕೈ ನನಗೆ ಗೊತ್ತು. ನಾನು ಮುಟ್ಟಲಾಗದ ಭಾರ ಬೇಕಿತ್ತು. ಸಡಿಲ ಮಾಡಿದರೆ ಊರಿಗೆಲ್ಲ ಕಾಣುವಂಥ ಭಾರ.

ಆಗ ಕಾಫಿ ಕುಯ್ಲು ಶುರುವಾಗಿತ್ತು. ಮೂರನೇ ದಿನ ಹಿತ್ತಲಿನಿಂದ ಚಿಕ್ಕಮ್ಮನ ಕೂಗು ಕೇಳಿತು. ಅವರ ಪಲ್ಪರ್ ತಿರುಗಿಸುವ ಇಬ್ಬರು ಆಳುಗಳು ದೊಡ್ಡ ಎಸ್ಟೇಟಿಗೆ ಹೋಗಿಬಿಟ್ಟಿದ್ದರು. ಪಲ್ಪರ್ ಎಂದರೆ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ಮೇಲಿನ ಬಾಯಿಗೆ ಹಣ್ಣು, ನೀರು ಹಾಕಿ ಕೈಚಕ್ರ ತಿರುಗಿಸಿದರೆ ಒಳಗಿನ ಉರುಳೆ ಹಣ್ಣನ್ನು ಹಿಚುಕಿ ಸಿಪ್ಪೆಯನ್ನು ಒಂದು ಕಡೆ, ಬೀಜವನ್ನು ಇನ್ನೊಂದು ಕಡೆ ಬೀಳಿಸುತ್ತದೆ. ಕುಯ್ದ ಹಣ್ಣನ್ನು ಅದೇ ದಿನ ಪಲ್ಪ್ ಮಾಡಬೇಕು. ಬಿಟ್ಟರೆ ಹುಳಿ ಬಂದು ಕಾಫಿ ಕೆಡುತ್ತದೆ. ಚಿಕ್ಕಮ್ಮ ಬುಟ್ಟಿಗಳ ನಡುವೆ ನಿಂತು ಆ ಆಳುಗಳ ಏಳು ತಲೆಮಾರನ್ನು ಜಾಲಾಡುತ್ತಿದ್ದರು. ನಾನು ಪಲ್ಪರಿನ ಕೈಚಕ್ರ ನೋಡಿದೆ. ನಮ್ಮ ಸೈಕಲ್ ರಿಮ್ಮಿನಷ್ಟೇ ಇತ್ತು.

ಕಾಕಾ ಮತ್ತು ನಾನು ಸೈಕಲ್ಲನ್ನು ಹೊತ್ತು ಚಿಕ್ಕಮ್ಮನ ಪಲ್ಪರ್ ಕೊಟ್ಟಿಗೆಗೆ ಸಾಗಿಸಿದೆವು. ಬ್ರೇಕಿನ ತುಂಡು ಬೆಲ್ಟನ್ನೂ ಅದರ ತಿರುಪನ್ನೂ ಕಿತ್ತು ತೆಗೆದೆ. ತಿರುಪನ್ನು ಜೇಬಿಗೆ ಹಾಕಿಕೊಂಡೆ. ರಿಮ್ಮಿನಿಂದ ಪಲ್ಪರ್ ಚಕ್ರಕ್ಕೆ ಉದ್ದ ಬೆಲ್ಟ್ ಹಾಕಿದೆವು. ಅಕ್ಕನನ್ನು ಒಪ್ಪಿಸುವುದು ಕಷ್ಟ ಎಂದುಕೊಂಡಿದ್ದೆ. ಚಿಕ್ಕಮ್ಮ "ನನ್ನ ಕಾಫಿ ಹೋಯ್ತಲ್ಲೇ" ಎಂದದ್ದೇ ತಡ, ಅವಳು ಸೆರಗು ಸಿಕ್ಕಿಸಿ ಬಂದಳು. "ಯಾರೂ ನೋಡದಂಗೆ ಗೋಣಿ ಕಟ್ಟು" ಎಂದು ಮಾತ್ರ ಹೇಳಿದಳು.

ಮೊದಲು ಬೆಲ್ಟ್ ಜಾರಿತು. ನೀರು ಬಿದ್ದು ನುಣುಪಾಗಿತ್ತು. ರಾಳದ ಪುಡಿ ಹಾಕಿದೆ, ಹಿಡಿಯಿತು. ಹಿಡಿದದ್ದು ಹೆಚ್ಚಾಗಿ ಉರುಳೆ ಹುಚ್ಚು ಹಿಡಿದಂತೆ ತಿರುಗಿ ಕೆಂಪು ಹಣ್ಣುಗಳು ಮೇಲಿನ ಬಾಯಿಂದ ಹಾರಿ ಕಾಕಾನ ಗಡ್ಡಕ್ಕೆ, ಚಿಕ್ಕಮ್ಮನ ತುರುಬಿಗೆ, ಗೋಣಿಯ ಆಚೆ ಕಟ್ಟಿದ್ದ ಕರುವಿಗೆ ಬಡಿದವು. ಬಿದ್ದ ಬೀಜ ಹಿಡಿದು ನೋಡಿದ ಚಿಕ್ಕಮ್ಮ, "ಎಲ್ಲ ಕತ್ತರಿಸಿ ಹೋಗಿದೆ ಮಾರಾಯ, ಇದನ್ನ ಯಾರು ತಗಂತಾರೆ" ಅಂದರು. ವೇಗ ಇಳಿಸಬೇಕು. ಪೆಡಲಿನ ಹತ್ತಿರದ ದೊಡ್ಡ ಹಲ್ಲುಚಕ್ರ ಬಿಚ್ಚಿ, ಮಕ್ಕಳ ಸೈಕಲ್ಲಿನ ಸಣ್ಣದನ್ನು ಹಾಕಿ, ಚೈನ್ ಕತ್ತರಿಸಿ ಜೋಡಿಸಿದೆ. ಆಗ ಉರುಳೆ ಆಳು ತಿರುಗಿಸಿದಷ್ಟೇ ನಿಧಾನಕ್ಕೆ ಬಂತು. ಒಂದು ಕಡೆಯಿಂದ ಕೆಂಪು ಸಿಪ್ಪೆ, ಇನ್ನೊಂದು ಕಡೆಯಿಂದ ಜಾರುವ ಬಿಳಿ ಬೀಜ.

ಅಕ್ಕನ ಮುಖ ಕೆಂಪಾಯಿತು. ಕುಂಕುಮ ಕರಗಿತು. ದೇವರ ಹೆಸರುಗಳು ಶುರುವಾದವು. ನಾನು ಜೇಬಿನಲ್ಲಿದ್ದ ತಿರುಪನ್ನು ಹಿಡಿದು ನಿಂತೆ. ಮಾಡಲು ಏನೂ ಇರಲಿಲ್ಲ. ಅವಳು ಕಾಲು ನಿಧಾನ ಮಾಡಿದರೆ ಹಣ್ಣು ಸಿಕ್ಕಿಕೊಂಡು ಯಂತ್ರ ಗೊರಗೊರ ಅನ್ನುತ್ತಿತ್ತು, ಚಿಕ್ಕಮ್ಮ "ತುಳಿಯೇ, ತುಳಿಯೇ" ಎಂದು ಬುಟ್ಟಿ ಸುರಿಯುತ್ತಿದ್ದರು. ನಡುವೆ ಇಳಿದು ಯಾವ ನೆಂಟರ ಮನೆಗೂ ಹೋಗುವಂತಿರಲಿಲ್ಲ. ಕುಯ್ಲಿನ ಕಾಲದಲ್ಲಿ ಚಿಕ್ಕಮ್ಮನಿಗೆ ಕಡುಬು ಮಾಡಲು ಪುರಸೊತ್ತೂ ಇರಲಿಲ್ಲ. ಕೆಲಸ ಮುಗಿದ ಮೇಲೆ ಗಂಜಿ, ಉಪ್ಪಿನಕಾಯಿಯ ಒಂದು ಚೂರು.

ಮೊದಲ ವಾರ ಅಕ್ಕ ನಡೆಯುವಾಗ ಗೋಡೆ ಹಿಡಿಯುತ್ತಿದ್ದಳು. ಆದರೆ ಬಿಡಲಿಲ್ಲ. "ಸುಮ್ನೆ ತುಳಿಯೋಕೆ ನಾಚಿಕೆ ಆಗ್ತಿತ್ತು ಕಣೋ, ಕೆಲಸ ಇಲ್ದೋರ ಥರ. ಇದಾದ್ರೆ ಒಂದು ಬುಟ್ಟಿ ಮುಗೀತು ಅಂತ ಕಾಣುತ್ತೆ" ಅಂದಳು. ಬರಬರುತ್ತ ಏದುಸಿರು ಕಡಿಮೆಯಾಯಿತು. ಅವಳ ಸೀರೆ ಒಂದು ನೆರಿಗೆ ಹೆಚ್ಚು ಹಿಡಿಯತೊಡಗಿತು. ವಾರಕ್ಕೊಮ್ಮೆ ಬರುವ ಭಾವನಿಗೆ ಅದು ಎದ್ದು ಕಾಣುತ್ತಿತ್ತು. ಒಂದು ಸಲ ಅವರು ನನ್ನನ್ನು ಪಕ್ಕಕ್ಕೆ ಕರೆದು, "ಇವಳಿಗೆ ಊಟ ಹಾಕ್ತಿದೀರಾ ಇಲ್ವಾ?" ಎಂದು ಕೇಳಿದರು. ಕುಯ್ಲು ಮುಗಿಯುವ ಹೊತ್ತಿಗೆ ಮತ್ತೆ ಡಿಪೋಗೆ ಹೋದೆವು. ಹಮಾಲಿ ಮುಳ್ಳು ನೋಡಿದ, ಅಕ್ಕನನ್ನು ನೋಡಿದ, ಮತ್ತೆ ಮುಳ್ಳು ನೋಡಿದ.

"ಎರಡು ಮೂಟೆ ಇಲ್ಲ ಅಕ್ಕಾ. ಎಂತ ಬರ್ಕೊಳ್ಳಾದು ಈಗ?"

"ಪಾರ್ಚ್‌ಮೆಂಟ್ ಅಂತ ಬರ್ಕೋ" ಅಂದಳು ಅಕ್ಕ.

ಶಿವರಾತ್ರಿ ಕಳೆದ ಮೇಲೆ ಡಾಕ್ಟರು ಕೊಯ್ದರು. ಹೊರಗೆ ಬೆಂಚಿನ ಮೇಲೆ ಭಾವ, ಕಾಕಾ, ನಾನು ಕೂತಿದ್ದೆವು. ಕಾಕಾ ಮಣಿಸರ ಎಣಿಸುತ್ತಿದ್ದರು. ನಾನು ತಿರುಪಿನ ಕಿವಿಯನ್ನು ಬೆರಳಿನಲ್ಲಿ ಉಜ್ಜುತ್ತಿದ್ದೆ. ಡಾಕ್ಟರು ಹೊರಬಂದು ಒಂದು ಸಣ್ಣ ಬಾಟಲಿ ಕೊಟ್ಟರು. ಒಳಗೆ ಕಲ್ಲುಗಳು. ಕಾಕಾ ಬೆಳಕಿಗೆ ಹಿಡಿದು ನೋಡಿ, "ಒಳ್ಳೇ ಪೀಬೆರಿ ಇದ್ದಂಗಿದಾವೆ" ಅಂದರು. ನಿಜ, ಒಂಟಿ ಬೀಜದ ಕಾಫಿಯಂತೆಯೇ ದುಂಡಗಿದ್ದವು. ಭಾವ ಆಗ ನಕ್ಕರು. ನಗುತ್ತ ಕಣ್ಣು ಒರೆಸಿಕೊಂಡರು.

ಡಾಕ್ಟರು ನನ್ನ ಹೆಗಲು ತಟ್ಟಿ, ಸೈಕಲ್ ಮಾಡಿದವನು ಇವನೇ ಎಂದು ನರ್ಸಿಗೆ ತೋರಿಸಿದರು. ಅಕ್ಕ ವಾರ್ಡಿನಲ್ಲಿ ಅಕ್ಕಪಕ್ಕದ ಮಂಚದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು. ಮೂರು ದಿನ ಆ ಹೊಗಳಿಕೆ ಕೇಳಿ ಕೇಳಿ ನನಗೆ ಅನ್ನ ಸೇರಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ಅವಳಿಗೆ ಕಾಫಿ ಕುಡಿಸಿ ಲೋಟ ಕೆಳಗಿಡುವಾಗ ಹೇಳಿದೆ.

"ಅಕ್ಕ, ಬೆಲ್ಟು ಸವೆದಿರ್ಲಿಲ್ಲ."

"ಯಾವ ಬೆಲ್ಟು?"

"ಮೊದಲಿಂದು. ನಾನೇ ದಿನಾ ಸಡಿಲ ಮಾಡ್ತಿದ್ದೆ." ತಿರುಪನ್ನು ಜೇಬಿನಿಂದ ತೆಗೆದು ಅವಳ ಕೈಗಿಟ್ಟೆ.

ಅವಳು ಅದನ್ನು ತಿರುಗಿಸಿ ನೋಡಿದಳು. "ಎಂತಕ್ಕೆ?"

"ನೀನು ಏದುಸಿರು ಬಿಡೋದು ನೋಡಕ್ಕಾಗ್ತಿರ್ಲಿಲ್ಲ."

"ನೋಡಕ್ಕಾಗದಿದ್ರೆ ಹೊರಗೆ ಹೋಗಿ ಕೂರ್ಬೇಕಿತ್ತು."

ತಿರುಪನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಆಮೇಲೆ, "ನಾನು ಅಷ್ಟು ದಿನ ನನ್ನ ಮೈನ ಬೈದ್ಕೊಂಡೆ ಕಣೋ. ಎದ್ದಾಗ್ಲಿಂದ ಮಲಗೋ ತನಕ. ಹಾಳು ಕಾಲು, ಹಾಳು ಹೊಟ್ಟೆ ಅಂತ. ಅವೆಂತ ಮಾಡಿದ್ವು ಪಾಪ" ಅಂದಳು.

ತಿರುಪು ಸಡಿಲಿಸಿದ್ದನ್ನು ನಾನು ಅವಳ ಮೇಲಿನ ಕರುಣೆ ಅಂದುಕೊಂಡಿದ್ದೆ. ಅವಳ ಕೈಲಿ ಆಗುವುದಿಲ್ಲ ಎಂದು ಅವಳಿಗಿಂತ ಮೊದಲು ತೀರ್ಮಾನ ಮಾಡಿದವನು ನಾನೇ ಎಂದು ಆ ಮಂಚದ ಪಕ್ಕ ನಿಂತಾಗ ತಿಳಿಯಿತು.

ಅಷ್ಟರಲ್ಲಿ ಅಕ್ಕನ ತುಟಿ ಅಲುಗಿತು. "ಹಂಗಾದ್ರೆ ಬಾಳೂರಿನ ತನಕ ನಾನು ಹೋಗಿದ್ದು ಪೂರಾ ಇಳಿಜಾರಾ?"

"ಪೂರಾ ಇಳಿಜಾರು ಅಕ್ಕ."

ಅವಳಿಗೆ ನಗು ಬಂತು. ಹೊಲಿಗೆ ಹಾಕಿದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, "ಅಯ್ಯೋ, ನಗಿಸಬ್ಯಾಡ, ಹೋಗು ಆಚೆ" ಎಂದು ನಕ್ಕಳು. ನರ್ಸ್ ಓಡಿ ಬಂದು ನನ್ನನ್ನು ಹೊರಗೆ ಹಾಕಿದರು. ತಿರುಪು ಅಕ್ಕನ ಮುಷ್ಟಿಯಲ್ಲೇ ಉಳಿಯಿತು.

ಅವಳು ಮನೆಗೆ ಬಂದು, ಎದ್ದು ಓಡಾಡುವಂತಾದ ಮೇಲೆ ಒಂದು ಸಂಜೆ ನನ್ನನ್ನು ಕರೆದಳು. ಸೈಕಲ್ ಚಿಕ್ಕಮ್ಮನ ಕೊಟ್ಟಿಗೆಯಿಂದ ಮನೆಗೆ ಬಂದಿತ್ತು. ಮೊದಲಿನ ದೊಡ್ಡ ಹಲ್ಲುಚಕ್ರ, ಮೊದಲಿನ ಬೆಲ್ಟಿನ ತುಂಡು ಎಲ್ಲ ಜಾಗಕ್ಕೆ ಸೇರಿದ್ದವು. ಕಾಕಾನ ಕೈವಾಡ. ಅಕ್ಕ ಪಕ್ಕದಲ್ಲಿ ಮಣೆ ಹಾಕಿ ಕೂತಿದ್ದಳು. ಕೈಯಲ್ಲಿ ತಿರುಪು.

"ಹತ್ತು" ಅಂದಳು. "ಆ ಹೊಟ್ಟೆ ನೋಡು. ನನ್ನ ನೆಂಟರ ಮನೇಲಿ ತಿಂದಿದ್ದು ಪೂರಾ ಅಲ್ಲಿದೆ. ಕಳಸದ ತನಕ ಹೋಗ್ಬೇಕು."

ಹತ್ತಿದೆ. ಅವಳು ತಿರುಪು ಹಾಕಿ ಬಿಗಿದಳು. ಹ್ಯಾಂಡ್‌ಪೋಸ್ಟಿಗೆ ಬರುವಷ್ಟರಲ್ಲಿ ಅಂಗಿ ಬೆನ್ನಿಗಂಟಿತು. ಕೊಟ್ಟಿಗೆಹಾರ ಅಂದೆ. ಒಂದು ಸುತ್ತು ಬಿಗಿದಳು. ದೇವರ ಹೆಸರುಗಳು ನನ್ನ ಬಾಯಲ್ಲೂ ಬಂದವು. ಚಿಕ್ಕಮ್ಮ ಹೊಸಿಲ ಮೇಲೆ ಕೂತು ನೋಡುತ್ತಿದ್ದರು. ಅವರ ಪಕ್ಕ ಮುಚ್ಚಿಟ್ಟ ಪಾತ್ರೆಯಿಂದ ಕಡುಬಿನ ವಾಸನೆ ಬರುತ್ತಿತ್ತು.

"ಬಾಳೂರು ಬಂತು ಅಕ್ಕ" ಅಂದೆ.

ಅಕ್ಕ ತಿರುಪಿನ ಕಿವಿ ಹಿಡಿದು ಇನ್ನೊಂದು ಸುತ್ತು ತಿರುಗಿಸಿದಳು.

"ದೊಡ್ಡಮ್ಮ ಮನೇಲಿಲ್ಲ. ಮುಂದೆ ಹೋಗು."